ಅರ್ಧ ಬೆಳ್ಳಗಾದ ಪುಸ್ತಕ

ಓದಿದ ಸಾಲು ಆ ಕ್ಷಣವೇ ಪುಟದಿಂದ ಅಳಿಸಿಹೋಗುವುದರಿಂದ ಎಲ್ಲರ ಮನೆಯಲ್ಲೂ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ತಿಪ್ಪೇಸ್ವಾಮಿಯವರ ಮನೆಯಲ್ಲಿ ಓದುತ್ತಿದ್ದವರು ಅವರ ಹೆಂಡತಿ. ಆಕೆ ತೀರಿಕೊಂಡ ಮೇಲೆ ಅವರು ಆಟದ ಸಾಮಾನು, ಪುಸ್ತಕ ಮಾರುವ ಅಂಗಡಿಗೆ ಬಂದದ್ದು ಇವತ್ತೇ ಮೊದಲು.

“ಒಬ್ಬನೇ ಆಡೋ ಆಟದ ಸಾಮಾನು ಏನಾದ್ರೂ ಐತಾ, ನಾಗವೇಣಮ್ಮ?”

ಅಂಗಡಿಯ ನಾಗವೇಣಿ ಚೌಕಾಬಾರದ ಮಣೆ ತೆಗೆದವಳು ಹಾಗೇ ಒಳಗಿಟ್ಟಳು. “ಬುಗುರಿ ತಗೊಂಡ್ಹೋಗಿ. ಅದಕ್ಕೆ ಜೊತೆ ಯಾರೂ ಬೇಡ. ಇಲ್ಲಾಂದ್ರೆ ಹೊಸ ಕಥೆ ಪುಸ್ತಕ ಬಂದೈತೆ.”

“ಪುಸ್ತಕ ಐತಮ್ಮ. ಅರ್ಧ ಓದಿ ಹೋದ್ಲು. ಉಳಿದಿದ್ದು ಅವಳದೇ ಆಗಿರ್ಲಿ” ಎಂದು ಅದನ್ನು ಚೀಲದಿಂದ ತೆಗೆದು ತೋರಿಸಿದರು.

ಎಷ್ಟು ಉಳಿದಿದೆಯೆಂದು ನೋಡುವುದು ಅಂಗಡಿಯವರ ರೂಢಿ. ನಾಗವೇಣಿ ಪುಸ್ತಕ ಬಿಡಿಸಿದಳು. ಕಣ್ಣು ತಾನಾಗಿ ಓಡಿತು. ಒಂದು ಸಾಲು ಬೆಳ್ಳಗಾಯಿತು.

ತಿಪ್ಪೇಸ್ವಾಮಿ ಬೈಯಲಿಲ್ಲ. “ಏನಿತ್ತಮ್ಮ ಅಲ್ಲಿ?” ಎಂದರು.

ಓದಿದ್ದು ಕಣ್ಣಷ್ಟೇ; ಅವಳಿಗೆ ನೆನಪಾಗಲಿಲ್ಲ.