ಉಬ್ಬಿದ ಹೊಟ್ಟೆಯ ಮೀನು

ಹುಣಸೂರಲ್ಲಿ ಮೊಮ್ಮಗಳು ಗಾಜಿನ ತೊಟ್ಟೀಲಿ ಸಾಕಿರೋ ಮೀನಿನ ಹೊಟ್ಟೆ ಉಬ್ಬೈತೆ, "ಬಸುರಿ ಕಣಜ್ಜಿ" ಅಂತಾಳೆ. ಅದರ ಹುರುಪೆಯೆಲ್ಲ ನಿಗುರಿರೋದು ಕಂಡು, ಆ ನೀರಿನ ನಾತ ಬಡಿದು, ಮೂಗಿಗೆ ಸೆರಗು ಹಿಡಿದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಪ್ಪ ಕೆರೆಯಿಂದ ಇಂಥದೇ ಮೀನು ತಂದಿದ್ದ. ಮೈಯೆಲ್ಲ ಲೋಳೆ, ಹುರುಪೆ ಹಿಂಗೇ ಎದ್ದಿದ್ದವು. ಮದುವೆಯಾಗಿ ಬಾಳ ವರ್ಷಕ್ಕೆ ಬಸುರಿ ಅಂತ ಚಿಕ್ಕವ್ವ ನಮ್ಮನೇಲಿದ್ದಳು. ಹಳೇ ಸೀರೆ ಹರಿದು ಕೂಸಿನ ಬಟ್ಟೆ ಮಡಿಸ್ತಾ ಕೂತಿದ್ದಳು.

"ಮೊಟ್ಟೆ ತುಂಬ್ಕೊಂಡದೆ ಕಣಕ್ಕ, ನಂಗೇ ಹುರಿದುಕೊಡು" ಅಂದಳು.

"ತಿನ್ನಾಕೇ ಹುಟ್ಟಿದೀಯ ಬುಡು" ಅಂತ ನಗ್ತಾ ಅವ್ವ ಈಳಿಗೆಮಣೇಲಿ ಮೀನು ಸೀಳಿದಳು. ಒಳಗೆ ಮೊಟ್ಟೆ ಒಂದೂ ಇರಲಿಲ್ಲ. ಕೀವಿನಂಥ ಹಳದಿ ನೀರು ನೆಲಕ್ಕೂ ನನ್ನ ಕಾಲಿಗೂ ಚಿಮ್ಮಿ, ಸತ್ತ ಇಲಿಯ ಹಂಗೆ ನಾರಿತು.

ಅವ್ವನ ನಗು ನಿಂತೋಯ್ತು. ಕೈ ತೊಳೆದು ಬಂದು ಚಿಕ್ಕವ್ವನ ಹೊಟ್ಟೆ ಒತ್ತಿ ನೋಡಿದಳು.

"ಕೂಸು ಒದ್ದದ್ದು ಯಾವಾಗ್ಲಾರ ಗೊತ್ತಾಯ್ತೇನೆ?"

"ಇಲ್ಲ ಕಣಕ್ಕ. ದಿನ ತುಂಬ್ತಾ ಬಂತು, ಇನ್ನೂ ಮಲಗೇ ಅದೆ."

"ನಾಳೆ ಮೈಸೂರು ಆಸ್ಪತ್ರೆಗೆ ಹೋಗವ ನಡಿ."

ಆಮೇಲೆ ಅವ್ವ ಆ ಕೂಸಿನ ಬಟ್ಟೇನೇ ಎಳಕೊಂಡು ನೆಲದ ನೀರು ಒರೆಸಿದಳು. ಚಿಕ್ಕವ್ವ ಮಡಿಸಿಟ್ಟಿದ್ದ ಇನ್ನೊಂದು ಬಟ್ಟೇನೂ ತಾನೇ ಅವ್ವನ ಕಡೆ ತಳ್ಳಿದಳು.