ಮನೆ ನೋಡಲು ಬಂದವರು

"ಎಳೀರಿ, ಎಳೀರಿ! ಅವರು ಈಗ್ಲೇ ಬಂದ್ಬಿಟ್ರೆ ಸ್ಕಾಲರ್‌ಶಿಪ್ಪು ನಿಮ್ಮ ಮಗಳಿಗಲ್ಲ, ಫ್ರಿಜ್ಜಿಗೆ!"

ಫ್ರಿಜ್ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ತಾಯಿ ಒಳಗಿನಿಂದ ನೂಕುತ್ತಿದ್ದಳು, ತಂದೆ ಹೊರಗಿನಿಂದ ಎಳೆಯುತ್ತಿದ್ದ. ಶಾಲೆಯ ವ್ಯಾನನ್ನು ಎಂಥ ಸಂದಿಯಲ್ಲೂ ಹಿಂದಕ್ಕೆ ತೆಗೆಯುವವನಿಗೆ ಫ್ರಿಜ್ಜಿನ ಮುಂದೆ ಆ ವಿದ್ಯೆ ನಡೆಯಲಿಲ್ಲ.

"ಯಾಕಮ್ಮ ಇದೆಲ್ಲ? ನಾವು ನಿಜವಾಗ್ಲೂ ಬಡವರೇ ತಾನೇ?" ಎಂದಳು ಮಗಳು.

"ಬಡವರಾದ್ರೆ ಸಾಲದು ಕಣೇ, ಕಾಣ್ಬೇಕು."

ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸಾಲಕ್ಕೆ ಹೋದರೆ ಬ್ಯಾಂಕಿನವರು ಆಸ್ತಿಯ ಜಾಮೀನು ಕೇಳಿದರು. ಬಾಡಿಗೆ ಮನೆಯ ಗೋಡೆಯನ್ನು ಯಾವ ಬ್ಯಾಂಕು ಜಾಮೀನು ಇಟ್ಟುಕೊಳ್ಳುತ್ತದೆ? ಕೊನೆಗೆ ಒಂದು ಟ್ರಸ್ಟು ಪೂರ್ತಿ ಫೀಸು ಕಟ್ಟಲು ಮುಂದೆ ಬಂತು. ಆದರೆ ಮೊದಲು ಅವರ ಕಡೆಯವರು ಬಂದು ಮನೆ ನೋಡಬೇಕು. ಇವತ್ತೇ. ಅವರು ಒಪ್ಪದಿದ್ದರೆ ಸೀಟು ಬೇರೆಯವರ ಪಾಲು.

ಹಾಗಾಗಿ ಫ್ರಿಜ್, ಟೀವಿ, ಸೋಫಾ, ಹೊಲಿಗೆ ಯಂತ್ರ ಎಲ್ಲವೂ ತಳ್ಳುಗಾಡಿ ಹತ್ತಿ ಪಕ್ಕದ ಬೀದಿಯ ಅತ್ತೆಯ ಮನೆಗೆ ಹೊರಟವು. ಬೀದಿಗೆ ಬೀದಿಯೇ ನೋಡಿತು. ಎದುರು ಮನೆಯ ಬಾಲ್ಕನಿಯಲ್ಲಿ ಇವರ ಮನೆಯ ಓನರ್ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ತಾಯಿ ಯಾರ ಕಡೆಗೂ ತಿರುಗಲಿಲ್ಲ. ಮಗಳು ನರ್ಸ್ ಆದ ಮೇಲೆ ಇದೇ ಬೀದಿ ಇಂಜೆಕ್ಷನ್ನಿಗೆ ಸಾಲುಗಟ್ಟಿ ನಿಲ್ಲುತ್ತದೆ, ಆಗ ನೋಡಿಕೊಂಡರಾಯಿತು.

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ.

"ಮನೆ ನೋಡೋಕೆ ಬಂದೆ."

"ಬನ್ನಿ ಸಾರ್, ಬನ್ನಿ! ಕೂತ್ಕೊಳ್ಳಿ ಅನ್ನೋಕೆ ಒಂದು ಕುರ್ಚಿ ಕೂಡ ಇಲ್ಲ."

"ಅಯ್ಯೋ, ಪರವಾಗಿಲ್ಲ." ಕನ್ನಡಕದವನು ಒಳಗೆಲ್ಲ ಕಣ್ಣಾಡಿಸಿದ. "ಇಷ್ಟು ಖಾಲಿ ಇರುತ್ತೆ ಅಂದ್ಕೊಂಡಿರ್ಲಿಲ್ಲ."

ತಾಯಿ ಗಂಡನನ್ನು ಮೊಣಕೈಯಿಂದ ತಿವಿದಳು. ಗೆದ್ದೆವು!

"ಮಳೆಗಾಲದಲ್ಲಿ ಸೋರುತ್ತಾ?"

"ಸೋರೋದಾ? ಒಳಗೇ ಕೊಡೆ ಹಿಡ್ಕೊಂಡು ಅಡುಗೆ ಮಾಡ್ತೀನಿ ಸಾರ್!"

"ಒಳ್ಳೇದಾಯ್ತು, ದುಡ್ಡಿನ ವಿಷಯ ಮಾತಾಡೋಕೆ ಅನುಕೂಲ," ಎಂದ ಕನ್ನಡಕದವನು, ಮುಖವರಳಿಸಿ.

ತಾಯಿಗೆ ಗುಟ್ಟು ಹೊಳೆಯಿತು. ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು! ನಲ್ಲಿಯಲ್ಲಿ ನೀರಿಲ್ಲ ಎಂದಳು. ಗೋಡೆ ಮುಟ್ಟಿದರೆ ಉದುರುತ್ತದೆ ಎಂದಳು. ಕನ್ನಡಕದವನು ಪ್ರತಿಯೊಂದಕ್ಕೂ ಖುಷಿಯಿಂದ ತಲೆಯಾಡಿಸಿದ. ತಂದೆಗೂ ಹುರುಪು ಬಂತು.

"ಇಲಿಗಳೂ ಇವೆ ಸಾರ್. ಬೆಕ್ಕಿನಷ್ಟು ದಪ್ಪ!"

"ಇಲಿನಾ?" ಕನ್ನಡಕದವನ ಮುಖ ಬಾಡಿತು.

"ಇಲ್ಲ ಸಾರ್! ಇವರಿಗೆ ಕಣ್ಣು ಮಂಜು. ಅದು ಬೆಕ್ಕೇ!" ಎಂದಳು ತಾಯಿ, ಗಂಡನ ಕಾಲು ತುಳಿಯುತ್ತ.

ಅಡುಗೆಮನೆಯ ಮೂಲೆಯಲ್ಲಿ ನೆಲದ ಒಂದು ಚೌಕ ಮಾತ್ರ ಫಳಫಳ ಹೊಳೆಯುತ್ತಿತ್ತು. "ಇಲ್ಲೇನಿತ್ತು?"

"ಫ್ರಿಜ್," ಎಂದುಬಿಟ್ಟಳು ಮಗಳು. ಸುಳ್ಳು ಅವಳ ನಾಲಿಗೆಗೆ ಒಗ್ಗುತ್ತಿರಲಿಲ್ಲ.

ತಾಯಿ ಅವಳ ಜಡೆ ಹಿಡಿದೆಳೆದಳು.

"ಬೆಳಿಗ್ಗೇನೇ ಹೋಯ್ತು ಸಾರ್," ಎಂದ ತಂದೆ, ಹತ್ತಿರದ ನೆಂಟರೊಬ್ಬರು ತೀರಿಕೊಂಡ ದನಿಯಲ್ಲಿ.

"ಒಳ್ಳೇ ಕೆಲಸ ಮಾಡಿದ್ರಿ." ಕನ್ನಡಕದವನು ಮೊಳ ಹಾಕಿ ಆ ಚೌಕವನ್ನು ಅಳೆದ. ಎಂಥ ಕಟ್ಟುನಿಟ್ಟಿನ ಮನುಷ್ಯ ಎಂದು ಮೂವರಿಗೂ ಗೌರವ ಉಕ್ಕಿತು. "ಸರಿ, ಯಾವತ್ತಿಗೆ ಅಂತ ಇಟ್ಕೊಳ್ಳೋಣ?"

"ಒಂದನೇ ತಾರೀಕು ಕಾಲೇಜು ಶುರು ಸಾರ್. ಅಷ್ಟರೊಳಗೆ ಆದ್ರೆ ಪುಣ್ಯ."

"ನಮಗೂ ಒಂದನೇ ತಾರೀಕೇ ಅನುಕೂಲ. ನನಗೆ ಒಪ್ಪಿಗೆ. ಓದಮ್ಮ, ಚೆನ್ನಾಗಿ ಓದು," ಎಂದು ಮಗಳ ತಲೆ ಸವರಿ ಕನ್ನಡಕದವನು ಹೊರಟ.

ಬಾಗಿಲು ಮುಚ್ಚಿತೋ ಇಲ್ಲವೋ, ತಾಯಿ ಮಗಳನ್ನು ಹಿಡಿದು ಗಿರಗಿರನೆ ತಿರುಗಿಸಿದಳು. ಸೋಫಾ ಇಲ್ಲದ ಕೋಣೆ ಕುಣಿಯಲು ಎಷ್ಟು ವಿಶಾಲ! ತಂದೆ ಬಾಯಲ್ಲೇ ಹಾರ್ನ್ ಊದುತ್ತ ಅವರ ಸುತ್ತ ವ್ಯಾನ್ ಓಡಿಸಿದ. "ನರ್ಸಮ್ಮಾ, ದಾರಿ ಬಿಡಿ! ಪೀಂ ಪೀಂ!" ಮೂವರೂ ನಗುತ್ತ ನಗುತ್ತ ನೆಲಕ್ಕೆ ಕುಸಿದರು. ಮಗಳ ಕಣ್ಣಲ್ಲಿ ನೀರು. ಅವಳು ಮನಸ್ಸಿನಲ್ಲೇ ಬಿಳಿ ಕೋಟು ತೊಟ್ಟು ನೋಡಿಕೊಂಡಾಗಿತ್ತು.

ಬಾಗಿಲು ತುಸು ತೆರೆಯಿತು. ಮತ್ತೆ ಅದೇ ಕನ್ನಡಕ.

"ಹೇಳೋದು ಮರೆತೆ. ಗೇಟಿನ ಹತ್ರ ಯಾವುದೋ ಟ್ರಸ್ಟಿನವರು ನಿಮ್ಮನ್ನ ಕೇಳ್ಕೊಂಡು ಬಂದಿದ್ರು. ಇವರು ಬೆಳಿಗ್ಗೆಯಿಂದ ಮನೆ ಖಾಲಿ ಮಾಡ್ತಿದ್ದಾರೆ, ಓನರ್ ಇದನ್ನ ನನಗೆ ಬಾಡಿಗೆಗೆ ಕೊಡ್ತಿದ್ದಾರೆ ಅಂತ ಹೇಳಿ ಅಲ್ಲಿಂದಲೇ ಕಳಿಸಿಬಿಟ್ಟೆ, ಸರಿ ತಾನೇ?"