ದೆವ್ವದ ಕುಂಕುಮ

ಅತ್ತೆಯ ಹಣೆ ಬೋಳಾಗಿ ಎಷ್ಟೋ ವರ್ಷಗಳಾಗಿದ್ದವು. ಸೊಸೆಯ ಹಣೆ, ಗಂಡ ಹೋದ ಮೇಲೆ, ಅತ್ತೆಯ ಅಪ್ಪಣೆಯಂತೆ ಬೋಳಾಗಿತ್ತು.

ವಸ್ತುಪ್ರದರ್ಶನದ ಭೂತಬಂಗಲೆಯೊಳಗೆ ಹೆಣ್ಣುದೆವ್ವವೊಂದು ಕೂದಲು ಕೆದರಿಕೊಂಡು ಕಿರುಚುತ್ತ ಎದುರಿಗೆ ನೆಗೆಯಿತು. ಸೊಸೆ ಚೀರಿದಳು. ಅವಳ ಕೈ ಹಿಡಿದಿದ್ದ ಪುಟ್ಟ ಮಗಳು ಮಾತ್ರ ಅದರ ಮುಖವನ್ನೇ ದಿಟ್ಟಿಸಿದಳು.

ಹೊರಗೆ ಕಾಯುತ್ತಿದ್ದ ಅತ್ತೆ, "ಹೆದರ್ಕೊಂಡ್ಯಾ ಪುಟ್ಟಿ?" ಎಂದರು.

"ಇಲ್ಲಜ್ಜಿ. ದೆವ್ವ ಹಣೆ ತುಂಬಾ ಕುಂಕುಮ ಇಟ್ಕೊಂಡಿತ್ತು. ಸತ್ತೋರೇ ಇಟ್ಕೋತಾರೆ, ಅಮ್ಮ ಯಾಕೆ ಇಟ್ಕೋಬಾರ್ದು?"

ಸೊಸೆ ನೆಟ್ಟಗೆ ಪಕ್ಕದ ಬಳೆ ಅಂಗಡಿಗೆ ಹೋಗಿ, ಕುಂಕುಮದ ಡಬ್ಬಿ ಕೊಂಡು, ಅಲ್ಲಿದ್ದ ಕನ್ನಡಿ ನೋಡಿ ಹಣೆಗಿಟ್ಟುಕೊಂಡಳು.

"ಇನ್ನು ಅಳಿಸಲ್ಲ ಅತ್ತೆ. ಏನ್ ಬೇಕಾದ್ರೂ ಅನ್ನಿ."

ಅತ್ತೆ ಡಬ್ಬಿ ಕಿತ್ತುಕೊಂಡರು. ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನಂಗೂ ಇಡೇ. ಆ ದೆವ್ವದ್ದಕ್ಕಿಂತ ದೊಡ್ಡದು."